ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದಾಗ: ಪತ್ತೆ ಹೇಗೆ, ಚಿಕಿತ್ಸೆ ಎಲ್ಲಿಯವರೆಗೆ?

ಎರಡು ಕಾಲುಗಳ ಪೈಕಿ ಒಂದು ಮಾತ್ರ ಊದಿಕೊಂಡಿದೆ. ಮೀನಖಂಡದಲ್ಲಿ ಬಿಗಿತ, ನಡೆದಾಡಿದರೆ ನೋವು. ಇಂಥ ಕಾಲನ್ನು ಕಂಡ ಕೂಡಲೇ 'ನರ ಹಿಡಿದಿದೆ' ಎಂದು ತೀರ್ಮಾನಿಸಿ, ಎಣ್ಣೆ ಕಾಯಿಸಿ ತಿಕ್ಕುವುದು ಕನ್ನಡ ನಾಡಿನ ಮನೆಗಳಲ್ಲಿ ವಾಡಿಕೆ. ಬಹಳಷ್ಟು ಸಲ ಆ ತೀರ್ಮಾನ ತಪ್ಪಾಗಿರುವುದಿಲ್ಲ. ಸ್ನಾಯು ಸೆಳೆತವೋ ಉಳುಕೋ ಆಗಿದ್ದು, ಕೆಲವು ದಿನಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ಆದರೆ ಕೆಲವರಲ್ಲಿ ಅದು ಕಾಲಿನ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವುದರ ಲಕ್ಷಣ. ವೈದ್ಯರು ಡೀಪ್ ವೇನ್ ತ್ರಾಂಬೋಸಿಸ್, ಸಂಕ್ಷಿಪ್ತವಾಗಿ ಡಿವಿಟಿ, ಎಂದು ಕರೆಯುವ ಈ ರೋಗವನ್ನು ಸಕಾಲದಲ್ಲಿ ಗುರುತಿಸಿದರೆ ಬಹುಪಾಲು ರೋಗಿಗಳು ಮನೆಯಲ್ಲಿದ್ದುಕೊಂಡೇ ಮಾತ್ರೆಗಳಿಂದ ಗುಣಮುಖರಾಗಬಹುದು. ಗುರುತಿಸದೆ ಹೋದರೆ ಹೆಪ್ಪಿನ ತುಣುಕೊಂದು ಕಳಚಿ, ಹೃದಯದ ಬಲಭಾಗವನ್ನು ಹಾದು, ಶ್ವಾಸಕೋಶದ ರಕ್ತನಾಳವನ್ನು ಮುಚ್ಚಿ ನಿಮಿಷಗಳಲ್ಲಿ ಪ್ರಾಣ ತೆಗೆಯಬಹುದು. ಆ ಸ್ಥಿತಿಗೆ ಪಲ್ಮನರಿ ಎಂಬಾಲಿಸಂ ಎಂದು ಹೆಸರು.

ಎಣ್ಣೆ ತಿಕ್ಕುವ ವಿಚಾರ ಕೇವಲ ಎಚ್ಚರಿಕೆಯ ಮಾತಲ್ಲ. ದೆಹಲಿಯ ಏಮ್ಸ್ ವೈದ್ಯರು ವರದಿ ಮಾಡಿದ ಪ್ರಕರಣವೊಂದು 2017ರಲ್ಲಿ ದೇಶಾದ್ಯಂತ ಸುದ್ದಿಯಾಗಿತ್ತು. ಆಟವಾಡುವಾಗ ಪಾದದ ಕೀಲಿಗೆ ಪೆಟ್ಟಾಗಿ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಯುವಕನಿಗೆ, ಪ್ಲಾಸ್ಟರ್ ತೆಗೆದ ಮೇಲೂ ನೋವು, ಊತ ಉಳಿದಿತ್ತು. ತಾಯಿ ಎಣ್ಣೆ ಹಚ್ಚಿ ಕಾಲು ನೀವಿದಾಗ ಹೆಪ್ಪು ಕಳಚಿ ಶ್ವಾಸಕೋಶ ಸೇರಿತು, ಆತ ಬದುಕುಳಿಯಲಿಲ್ಲ. ಒಂದೇ ಕಾಲು ಕೆಲವು ದಿನಗಳ ಅವಧಿಯಲ್ಲಿ ಊದಿಕೊಂಡಿದ್ದರೆ, ಕಾರಣ ತಿಳಿಯುವ ತನಕ ಅದನ್ನು ತಿಕ್ಕಬಾರದು, ಒತ್ತಬಾರದು.

ಇಲ್ಲಿ ಭಾಷೆಯದೂ ಒಂದು ತೊಡಕಿದೆ. ಆಡುಮಾತಿನ 'ನರ' ಎಂಬ ಒಂದೇ ಪದ ಸಂವೇದನೆಯ ತಂತುವಿಗೂ, ರಕ್ತನಾಳಕ್ಕೂ, ಕೆಲವೊಮ್ಮೆ ಸ್ನಾಯುವಿನ ಕಟ್ಟಿಗೂ ಸಲ್ಲುತ್ತದೆ. ಹೃದಯದಿಂದ ರಕ್ತವನ್ನು ಒಯ್ಯುವುದು ಅಪಧಮನಿ. ಹೃದಯಕ್ಕೆ ಹಿಂದಿರುಗಿಸುವುದು ಅಭಿಧಮನಿ. ಚರ್ಮದಡಿ ಹಸಿರಾಗಿ ಕಾಣುವ, ಕೆಲವರಲ್ಲಿ ಸುರುಳಿ ಸುರುಳಿಯಾಗಿ ಉಬ್ಬುವ ನಾಳಗಳು ಮೇಲ್ಪದರದ ಅಭಿಧಮನಿಗಳು. ಡಿವಿಟಿ ಬರುವುದು ಸ್ನಾಯುಗಳ ನಡುವೆ ಅಡಗಿರುವ, ಕಣ್ಣಿಗೆ ಕಾಣದ ಆಳದ ನಾಳಗಳಲ್ಲಿ. ಉಬ್ಬಿದ ನಾಳಗಳಿಗೆ ಚಿಕಿತ್ಸೆ ಪಡೆದವರು ಇದನ್ನೂ ಅದೇ ರೋಗವೆಂದು ಭಾವಿಸಿ ತಡಮಾಡುವುದುಂಟು.

ರಕ್ತ ಹೆಪ್ಪುಗಟ್ಟುವುದೇಕೆ?

ಜರ್ಮನಿಯ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಕೋ (1821–1902) ಶ್ವಾಸಕೋಶದಲ್ಲಿ ಕಾಣುವ ಹೆಪ್ಪು ಅಲ್ಲಿಯೇ ಹುಟ್ಟಿದ್ದಲ್ಲ, ಕಾಲಿನಂಥ ದೂರದ ಭಾಗದಿಂದ ತೇಲಿಬಂದದ್ದು ಎಂದು 19ನೇ ಶತಮಾನದ ಮಧ್ಯಭಾಗದಲ್ಲಿ ತೋರಿಸಿಕೊಟ್ಟರು. ಅವರ ಜನ್ಮದಿನವಾದ ಅಕ್ಟೋಬರ್ 13ನ್ನು 2014ರಿಂದ ವಿಶ್ವ ತ್ರಾಂಬೋಸಿಸ್ ದಿನವಾಗಿ ಆಚರಿಸಲಾಗುತ್ತಿದೆ. ಅವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಮೂರು ಕಾರಣಗಳು ಇಂದಿಗೂ ಈ ರೋಗವನ್ನು ಅರಿಯಲು ಸಾಕಾಗುತ್ತವೆ: ರಕ್ತದ ಹರಿವು ನಿಧಾನವಾಗುವುದು, ನಾಳದ ಒಳಪದರಕ್ಕೆ ಪೆಟ್ಟಾಗುವುದು, ರಕ್ತದ ಹೆಪ್ಪುಗಟ್ಟುವ ಗುಣ ಹೆಚ್ಚುವುದು.

ಕಾಲಿನ ರಕ್ತ ಗುರುತ್ವಾಕರ್ಷಣೆಗೆ ವಿರುದ್ಧವಾಗಿ ಮೇಲೇರಬೇಕು. ನಡೆಯುವಾಗ ಮೀನಖಂಡದ ಸ್ನಾಯು ಸಂಕುಚಿಸಿ ಆಳದ ನಾಳಗಳನ್ನು ಹಿಂಡುತ್ತದೆ. ನಾಳದೊಳಗಿನ ಕವಾಟಗಳು ರಕ್ತವನ್ನು ಕೆಳಕ್ಕೆ ಮರಳಲು ಬಿಡುವುದಿಲ್ಲ. ಹಾಸಿಗೆ ಹಿಡಿದಾಗ, ಕಾಲಿಗೆ ಪ್ಲಾಸ್ಟರ್ ಬಿದ್ದಾಗ, ಪಾರ್ಶ್ವವಾಯು ಬಡಿದಾಗ ಈ ಪಂಪು ನಿಲ್ಲುತ್ತದೆ. ಸೊಂಟ ಅಥವಾ ಮಂಡಿ ಕೀಲು ಬದಲಾವಣೆಯಂಥ ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ಮೂರು ಕಾರಣಗಳೂ ಒಟ್ಟಿಗೆ ಕೂಡುತ್ತವೆ. ಕ್ಯಾನ್ಸರ್, ಸ್ಥೂಲಕಾಯ, ಇಳಿವಯಸ್ಸು, ಹಿಂದೊಮ್ಮೆ ಹೆಪ್ಪುಗಟ್ಟಿದ್ದು, ಕುಟುಂಬದಲ್ಲಿ ಈ ರೋಗವಿರುವುದು, ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ. ಹಬ್ಬ, ಪೂಜೆ, ಮದುವೆಗಳಿಗಾಗಿ ಮುಟ್ಟನ್ನು ಮುಂದೂಡಲು ಔಷಧ ಅಂಗಡಿಯಿಂದ ನೇರವಾಗಿ ತಂದು ನುಂಗುವ ನೊರೆಥಿಸ್ಟೆರಾನ್ ಮಾತ್ರೆಯನ್ನೂ ಹಿಂದೆ ಹೆಪ್ಪುಗಟ್ಟಿದ ಇತಿಹಾಸವಿರುವವರು ಸೇವಿಸಕೂಡದು. ಅಂಗಡಿಯಲ್ಲಿ ಈ ಪ್ರಶ್ನೆಯನ್ನು ಕೇಳುವವರು ವಿರಳ.

ದೂರ ಪ್ರಯಾಣದ ಅಪಾಯ ಜನರ ಕಲ್ಪನೆಯಲ್ಲಿ ವಿಮಾನಕ್ಕೆ ಅಂಟಿಕೊಂಡಿದೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ವರದಿಯ ಪ್ರಕಾರ ನಾಲ್ಕು ಗಂಟೆ ಮೀರಿದ ಪ್ರಯಾಣದಿಂದ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಬಸ್ಸು, ರೈಲು, ಕಾರು ಯಾವುದೂ ಇದಕ್ಕೆ ಹೊರತಲ್ಲ. ಆರೋಗ್ಯವಂತರಲ್ಲಿ ಮೂಲ ಅಪಾಯವೇ ಅತ್ಯಲ್ಪವಾದ್ದರಿಂದ ಎರಡು ಪಟ್ಟೆಂದರೂ ಅದು ಸಣ್ಣದೇ: ಅಂಥ ಸುಮಾರು ಆರು ಸಾವಿರ ಪ್ರಯಾಣಿಕರಲ್ಲಿ ಒಬ್ಬರಿಗೆ. ಬೆಂಗಳೂರು–ಬೆಳಗಾವಿ ರಾತ್ರಿ ಬಸ್ಸಿನಲ್ಲಿ ಹೋಗುವವರು ಗಾಬರಿಯಾಗಬೇಕಿಲ್ಲ. ಆಗಾಗ ಪಾದ ಮೇಲೆ ಕೆಳಗೆ ಆಡಿಸುವುದು, ಬಸ್ಸು ನಿಂತಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕುವುದು ಸಾಕು. ಪ್ರಯಾಣಕ್ಕೆ ಮುನ್ನ ತಾವಾಗಿಯೇ ಆಸ್ಪಿರಿನ್ ನುಂಗುವುದು ಅನಗತ್ಯ.

ಬಾಣಂತಿಯರ ವಿಶೇಷ ಅಪಾಯ

ಗರ್ಭಿಣಿಯರಲ್ಲಿ ರಕ್ತದ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚುತ್ತದೆ. ಹೆರಿಗೆಯ ವೇಳೆ ಅತಿ ರಕ್ತಸ್ರಾವವಾಗದಂತೆ ಪ್ರಕೃತಿ ಮಾಡಿಕೊಂಡ ಏರ್ಪಾಡು ಇದು. ಈ ಗುಣ ಹೆರಿಗೆಯೊಂದಿಗೆ ಮುಗಿಯುವುದಿಲ್ಲ. ನಂತರದ ಆರು ವಾರಗಳಲ್ಲೇ ಅಪಾಯ ಅತ್ಯಧಿಕ. ಸಿಸೇರಿಯನ್ ಆಗಿದ್ದರೆ ಮತ್ತಷ್ಟು. ಇದೇ ಅವಧಿಯಲ್ಲಿ ಸಾಂಪ್ರದಾಯಿಕ ಬಾಣಂತನ ಆಕೆಯನ್ನು ಮಂಚಕ್ಕೆ ಕಟ್ಟಿಹಾಕುತ್ತದೆ. ಕೆಲವು ಮನೆಗಳಲ್ಲಿ 'ಶೀತವಾಗುತ್ತದೆ' ಎಂದು ಕುಡಿಯುವ ನೀರಿಗೂ ಮಿತಿ. ಎಣ್ಣೆ ನೀರು, ಪಥ್ಯದ ಊಟ, ಹಿರಿಯರ ಆರೈಕೆಗೆ ಯಾರ ಆಕ್ಷೇಪವೂ ಇಲ್ಲ. ಆದರೆ ಬಾಣಂತಿ ಮನೆಯೊಳಗೆ ಓಡಾಡಬೇಕು, ದಾಹವಾದಷ್ಟು ನೀರು ಕುಡಿಯಬೇಕು.

ಬಾಣಂತಿಯರಲ್ಲಿ ಹೆಪ್ಪು ಕಾಲಿನಲ್ಲಷ್ಟೇ ಅಲ್ಲ, ಮೆದುಳಿನ ಅಭಿಧಮನಿಗಳಲ್ಲೂ ಕಾಣಿಸಿಕೊಳ್ಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ನರರೋಗ ತಜ್ಞರು ಈ ಸ್ಥಿತಿಯನ್ನು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಹೆರಿಗೆಯ ನಂತರದ ದಿನಗಳಲ್ಲಿ ಬಿಡದ ತಲೆನೋವು, ವಾಂತಿ, ದೃಷ್ಟಿ ಮಂಜಾಗುವುದು, ಫಿಟ್ಸ್, ಕೈಕಾಲಿನಲ್ಲಿ ಬಲಹೀನತೆ ಕಂಡುಬಂದರೆ ದೃಷ್ಟಿ ತಾಗಿತೆಂದೋ ಗಾಳಿ ಸೋಕಿತೆಂದೋ ಕಾಯುತ್ತ ಕೂರದೆ ಆಸ್ಪತ್ರೆಗೆ ಧಾವಿಸಬೇಕು. ಗರ್ಭಿಣಿಯರ ಕಾಲಿನ ಹೆಪ್ಪು ಬಹುಪಾಲು ಎಡಗಾಲಿನಲ್ಲೇ ಕಾಣುತ್ತದೆ. ಎಡಗಾಲಿನಿಂದ ಬರುವ ಮುಖ್ಯ ಅಭಿಧಮನಿಯ ಮೇಲೆ ಬಲಗಾಲಿಗೆ ಹೋಗುವ ಅಪಧಮನಿ ಅಡ್ಡ ಹಾಯುತ್ತದೆ. ಗರ್ಭ ಬೆಳೆದಂತೆ ಅಲ್ಲಿ ಒತ್ತಡ ಹೆಚ್ಚುತ್ತದೆ.

ಪತ್ತೆಯ ಮೆಟ್ಟಿಲುಗಳು

ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ ಈ ರೋಗವನ್ನು ಖಚಿತವಾಗಿ ಹೇಳಲು ನುರಿತ ವೈದ್ಯರಿಗೂ ಸಾಧ್ಯವಿಲ್ಲ. ಪಾದವನ್ನು ಮೇಲಕ್ಕೆ ಬಾಗಿಸಿದಾಗ ಮೀನಖಂಡ ನೋಯುತ್ತದೆಯೇ ಎಂದು ನೋಡುವ 'ಹೋಮನ್ಸ್ ಚಿಹ್ನೆ'ಯನ್ನು ತಲೆಮಾರುಗಳ ವೈದ್ಯ ವಿದ್ಯಾರ್ಥಿಗಳು ಬಾಯಿಪಾಠ ಮಾಡಿದ್ದಾರೆ. ಅದನ್ನು ನಂಬುವಂತಿಲ್ಲವೆಂಬುದು ಇಂದು ಸರ್ವಸಮ್ಮತ. ಸ್ನಾಯು ಹರಿದರೂ, ಮಂಡಿಯ ಹಿಂಬದಿಯ ನೀರುಗುಳ್ಳೆ ಒಡೆದರೂ, ಚರ್ಮದ ಸೋಂಕಾದರೂ ಕಾಲು ಹೀಗೆಯೇ ಊದುತ್ತದೆ. ಕರಾವಳಿಯಲ್ಲಿ ಮತ್ತು ಕಲಬುರಗಿ, ಬೀದರ್ ಭಾಗದಲ್ಲಿ ಆನೆಕಾಲು ರೋಗದ ನೆನಪು ಗಾಢವಾಗಿರುವುದರಿಂದ ಊದಿದ ಕಾಲಿಗೆಲ್ಲ ಆ ಹೆಸರು ಸುಲಭವಾಗಿ ಅಂಟುತ್ತದೆ. ಆನೆಕಾಲಿನ ಊತ ಬೆಳೆಯಲು ತಿಂಗಳು, ವರ್ಷಗಳು ಬೇಕು; ಡಿವಿಟಿಯ ಊತ ದಿನಗಳ ಲೆಕ್ಕದ್ದು. ಎರಡೂ ಕಾಲು ಸಮನಾಗಿ ಊದಿದ್ದರೆ ಹೃದಯ, ಮೂತ್ರಪಿಂಡ, ಯಕೃತ್ತುಗಳ ಕಡೆ ಮೊದಲು ನೋಡಬೇಕಾಗುತ್ತದೆ.

ಆದ್ದರಿಂದ ವೈದ್ಯರು ಮೊದಲು ಸಾಧ್ಯತೆಯನ್ನು ಅಂಕಗಳಲ್ಲಿ ತೂಗುತ್ತಾರೆ. ಕೆನಡಾದ ಫಿಲಿಪ್ ವೆಲ್ಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ರೂಪಿಸಿದ ಕೋಷ್ಟಕ ಇದಕ್ಕೆ ಬಳಕೆಯಲ್ಲಿದೆ. ಕ್ಯಾನ್ಸರ್ ಇದೆಯೇ, ಈಚೆಗೆ ಮೂರು ದಿನಗಳಿಗಿಂತ ಹೆಚ್ಚು ಹಾಸಿಗೆ ಹಿಡಿದಿದ್ದರೇ ಅಥವಾ 12 ವಾರಗಳೊಳಗೆ ದೊಡ್ಡ ಶಸ್ತ್ರಚಿಕಿತ್ಸೆಯಾಗಿದೆಯೇ, ಇಡೀ ಕಾಲು ಊದಿದೆಯೇ, ಹಿಂದೆ ಡಿವಿಟಿ ಆಗಿತ್ತೇ ಎಂಬಂಥ ಪ್ರಶ್ನೆಗಳಿಗೆ ಒಂದೊಂದು ಅಂಕ. ಮಂಡಿಯ ಕೆಳಗಿನ ಮೂಳೆಯುಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಟೇಪು ಹಿಡಿದು ಅಳೆದಾಗ ಒಂದು ಮೀನಖಂಡ ಇನ್ನೊಂದಕ್ಕಿಂತ 3 ಸೆಂಟಿಮೀಟರ್‌ಗಿಂತ ಹೆಚ್ಚು ದಪ್ಪವಿದ್ದರೆ ಮತ್ತೊಂದು ಅಂಕ. ಬೇರೆ ಕಾರಣವೇ ಹೆಚ್ಚು ಸಂಭವವೆನಿಸಿದರೆ ಎರಡು ಅಂಕ ಕಳೆಯಬೇಕು. ಒಟ್ಟು ಎರಡು ಅಥವಾ ಹೆಚ್ಚಾದರೆ ಶಂಕೆ ಬಲವಾದದ್ದು. ಟೇಪು ಹಿಡಿದು ಐದು ನಿಮಿಷ ಮಾತನಾಡುವ ಈ ಪರೀಕ್ಷೆಗೆ ಖರ್ಚಿಲ್ಲ. ಅವಸರದ ಹೊರರೋಗಿ ವಿಭಾಗಗಳಲ್ಲಿ ಮೊದಲು ಕೈಬಿಟ್ಟುಹೋಗುವುದೂ ಇದೇ.

ಶಂಕೆ ಕಡಿಮೆಯಿದ್ದವರಿಗೆ ಡಿ-ಡೈಮರ್ ಎಂಬ ರಕ್ತಪರೀಕ್ಷೆ. ದೇಹ ಹೆಪ್ಪನ್ನು ಕರಗಿಸುವಾಗ ಬಿಡುಗಡೆಯಾಗುವ ತುಣುಕು ಇದು. ಇದರ ಬೆಲೆ ಇರುವುದು 'ಇಲ್ಲ' ಎನ್ನುವುದರಲ್ಲಿ, 'ಇದೆ' ಎನ್ನುವುದರಲ್ಲಲ್ಲ. ಪ್ರಮಾಣ ಮಿತಿಯೊಳಗಿದ್ದು ಶಂಕೆಯೂ ಕಡಿಮೆಯಿದ್ದರೆ ಡಿವಿಟಿಯನ್ನು ಕೈಬಿಡಬಹುದು. ಹೆಚ್ಚಿದ್ದ ಮಾತ್ರಕ್ಕೆ ಹೆಪ್ಪು ಇದೆಯೆಂದಲ್ಲ. ಜ್ವರ, ಸೋಂಕು, ಗರ್ಭಾವಸ್ಥೆ, ಶಸ್ತ್ರಚಿಕಿತ್ಸೆ, ವೃದ್ಧಾಪ್ಯ ಎಲ್ಲದರಲ್ಲೂ ಅದು ಏರುತ್ತದೆ. ಕೋವಿಡ್ ಕಾಲದಲ್ಲಿ ಈ ಹೆಸರು ಮನೆಮಾತಾದ ನಂತರ ಲಕ್ಷಣಗಳೇ ಇಲ್ಲದವರು ತಾವಾಗಿ ಪರೀಕ್ಷೆ ಮಾಡಿಸಿಕೊಂಡು ಭಯಪಡುವುದು ಶುರುವಾಯಿತು. ಸಾಮಾನ್ಯ ಮಿತಿ ಪ್ರತಿ ಮಿಲಿಲೀಟರಿಗೆ 500 ನ್ಯಾನೋಗ್ರಾಂ. 50 ವರ್ಷ ದಾಟಿದವರಿಗೆ ವಯಸ್ಸನ್ನು ಹತ್ತರಿಂದ ಗುಣಿಸಿದ ಸಂಖ್ಯೆಯನ್ನು ಮಿತಿಯಾಗಿ ಹಿಡಿಯುವ ಪದ್ಧತಿಯಿದೆ. ಆದರೆ ಪ್ರಯೋಗಾಲಯಗಳು ಎಫ್‌ಇಯು, ಡಿಡಿಯು ಎಂಬ ಎರಡು ಬೇರೆ ಏಕಮಾನಗಳಲ್ಲಿ ವರದಿ ಕೊಡುತ್ತವೆ. ಮೇಲಿನ ಮಿತಿ ಎಫ್‌ಇಯುಗೆ ಸೇರಿದ್ದು; ಡಿಡಿಯು ಅಂಕಿ ಅದರ ಸುಮಾರು ಅರ್ಧ. ಒಂದು ಪ್ರಯೋಗಾಲಯದ ಸಂಖ್ಯೆಯನ್ನು ಇನ್ನೊಂದರ ಜೊತೆ ಹಾಗೆಯೇ ಹೋಲಿಸಿದರೆ ಮೋಸ ಹೋಗುವುದು ಖಂಡಿತ.

ಶಂಕೆ ಬಲವಾಗಿದ್ದರೆ, ಅಥವಾ ಡಿ-ಡೈಮರ್ ಏರಿದ್ದರೆ, ಕಾಲಿನ ಡಾಪ್ಲರ್ ಸ್ಕ್ಯಾನ್. ಇದರ ತತ್ತ್ವ ಸರಳ. ಸ್ಕ್ಯಾನಿನ ಕಡ್ಡಿಯಿಂದ ಮೆಲ್ಲಗೆ ಒತ್ತಿದಾಗ ಆರೋಗ್ಯವಂತ ಅಭಿಧಮನಿ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ; ಒಳಗೆ ಹೆಪ್ಪಿದ್ದರೆ ಮುಚ್ಚುವುದಿಲ್ಲ. ಸೂಜಿಯಿಲ್ಲ, ವಿಕಿರಣವಿಲ್ಲ; ಗರ್ಭಿಣಿಗೂ ನಿರಪಾಯ. ತೊಡೆ ಮತ್ತು ಮಂಡಿಯ ನಾಳಗಳಲ್ಲಿ ಇದರ ಉತ್ತರ ಬಹುಮಟ್ಟಿಗೆ ನಿಖರ. ಮೀನಖಂಡದ ಸಣ್ಣ ನಾಳಗಳಲ್ಲಿ ಅಷ್ಟಿಲ್ಲ. ಆದ್ದರಿಂದ ಬಲವಾದ ಶಂಕೆಯಿದ್ದೂ ಮೊದಲ ಸ್ಕ್ಯಾನ್ ಶುದ್ಧವಾಗಿ ಬಂದರೆ, ಸುಮಾರು ಒಂದು ವಾರದ ನಂತರ ಮತ್ತೊಮ್ಮೆ ಮಾಡಿಸಬೇಕಾಗಬಹುದು. ಆ ಎರಡನೇ ಸ್ಕ್ಯಾನಿಗೆ ಹೆಚ್ಚಿನವರು ಹಿಂದಿರುಗುವುದೇ ಇಲ್ಲ. ಸಣ್ಣ ಊರುಗಳಲ್ಲಿ ಕೂಡಲೇ ಸ್ಕ್ಯಾನ್ ಸಿಗದಿದ್ದರೆ, ರಕ್ತಸ್ರಾವದ ಅಪಾಯವಿಲ್ಲವೆಂದು ಖಚಿತಪಡಿಸಿಕೊಂಡು, ಮೊದಲ ಔಷಧವನ್ನು ಕೊಟ್ಟು 24 ಗಂಟೆಯೊಳಗೆ ಸ್ಕ್ಯಾನಿಗೆ ಕಳುಹಿಸುವುದು ಸರಿಯಾದ ಕ್ರಮ.

ದಿಢೀರನೆ ಏದುಸಿರು, ಉಸಿರೆಳೆದಾಗ ಎದೆಯಲ್ಲಿ ಚುಚ್ಚುನೋವು, ಕಫದಲ್ಲಿ ರಕ್ತ, ತಲೆಸುತ್ತಿ ಬೀಳುವುದು ಇವು ಹೆಪ್ಪು ಶ್ವಾಸಕೋಶ ತಲುಪಿರುವ ಸೂಚನೆಗಳು. ಆಗ ಸ್ಕ್ಯಾನ್ ಕೇಂದ್ರವನ್ನು ಹುಡುಕುತ್ತ ಅಲೆಯದೆ 108 ಆಂಬುಲೆನ್ಸ್ ಕರೆಸಿ ತುರ್ತು ಚಿಕಿತ್ಸೆಯಿರುವ ಆಸ್ಪತ್ರೆ ಸೇರಬೇಕು. ಅಲ್ಲಿ ಸಿ.ಟಿ. ಆಂಜಿಯೋಗ್ರಾಂ ರೋಗವನ್ನು ಖಚಿತಪಡಿಸುತ್ತದೆ.

ಔಷಧ ಮಾಡುವುದೇನು, ಮಾಡದಿರುವುದೇನು

'ರಕ್ತ ತೆಳುಮಾಡುವ ಮಾತ್ರೆ' ಎಂಬ ಹೆಸರು ಎರಡು ತಪ್ಪು ಕಲ್ಪನೆಗಳನ್ನು ಹುಟ್ಟಿಸಿದೆ. ಈ ಔಷಧಗಳು ರಕ್ತವನ್ನು ನೀರಾಗಿಸುವುದಿಲ್ಲ. ಇರುವ ಹೆಪ್ಪನ್ನು ಕರಗಿಸುವುದೂ ಇಲ್ಲ. ಹೆಪ್ಪು ಬೆಳೆಯದಂತೆ, ಹೊಸದು ಹುಟ್ಟದಂತೆ ತಡೆಯುತ್ತವೆ. ಹಳೆಯದನ್ನು ದೇಹ ತನ್ನದೇ ವೇಗದಲ್ಲಿ ವಾರ, ತಿಂಗಳುಗಳಲ್ಲಿ ಕರಗಿಸುತ್ತದೆ. ಆ ಸಮಯವನ್ನು ದೇಹಕ್ಕೆ ಒದಗಿಸಿಕೊಡುವುದೇ ಚಿಕಿತ್ಸೆ. ಅವಧಿಗೆ ಮುನ್ನ ಮಾತ್ರೆ ಬಿಟ್ಟರೆ ಏನಾಗುತ್ತದೆಂಬುದು ಇದರಿಂದಲೇ ತಿಳಿಯುತ್ತದೆ.

ಈ ಚಿಕಿತ್ಸೆಯ ಬಲವನ್ನು ತೋರಿಸಿಕೊಟ್ಟದ್ದು ಇಂಗ್ಲೆಂಡಿನಲ್ಲಿ ಬ್ಯಾರಿಟ್ ಮತ್ತು ಜೋರ್ಡನ್ ಎಂಬ ವೈದ್ಯರು 1960ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನ. ಶ್ವಾಸಕೋಶದಲ್ಲಿ ಹೆಪ್ಪಿದ್ದ 35 ರೋಗಿಗಳ ಪೈಕಿ ಔಷಧ ಪಡೆಯದ 19 ಜನರಲ್ಲಿ ಐವರು ಮತ್ತೆ ಹೆಪ್ಪು ಬಂದು ಅಸುನೀಗಿದರು, ಇನ್ನೈವರಿಗೆ ಅದು ಮರುಕಳಿಸಿತು. ಔಷಧ ಪಡೆದ 16 ಜನರಲ್ಲಿ ಒಬ್ಬರೂ ಆ ಕಾರಣಕ್ಕೆ ಸಾಯಲಿಲ್ಲ. ಆ ಬಳಿಕ ಚಿಕಿತ್ಸೆ ಕೊಡದೆ ಹೋಲಿಸಿ ನೋಡುವುದು ನ್ಯಾಯವೆಂದು ವೈದ್ಯಲೋಕಕ್ಕೆ ತೋರಲಿಲ್ಲ.

ಹೆಪಾರಿನ್ ಚುಚ್ಚುಮದ್ದು ಕೂಡಲೇ ಕೆಲಸ ಮಾಡುತ್ತದೆ. ವಾರ್ಫರಿನ್ ಮತ್ತು ಭಾರತದಲ್ಲಿ ಹೆಚ್ಚು ಬಳಕೆಯಲ್ಲಿರುವ ಅಸಿನೋಕೌಮರಾಲ್ ಮಾತ್ರೆಗಳ ಪೂರ್ಣ ಪರಿಣಾಮಕ್ಕೆ ದಿನಗಳು ಹಿಡಿಯುತ್ತವೆ. ಆದ್ದರಿಂದ ಕನಿಷ್ಠ ಐದು ದಿನ ಎರಡನ್ನೂ ಒಟ್ಟಿಗೆ ಕೊಡಲಾಗುತ್ತದೆ. ಐಎನ್‌ಆರ್ ಎಂಬ ರಕ್ತಪರೀಕ್ಷೆಯ ಅಂಕಿ 2ರಿಂದ 3ರ ನಡುವೆ ಇರಬೇಕು. ಕಡಿಮೆಯಾದರೆ ಹೆಪ್ಪಿನ ಭಯ, ಹೆಚ್ಚಾದರೆ ರಕ್ತಸ್ರಾವದ ಭಯ. ಈ ಮಾತ್ರೆ ನುಂಗುವವರಿಗೆ 'ಸೊಪ್ಪು ಮುಟ್ಟಬೇಡಿ' ಎಂದು ಹೇಳಿ ಕಳುಹಿಸುವ ರೂಢಿಯಿದೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಮಾತ್ರೆಯ ಪರಿಣಾಮವನ್ನು ತಗ್ಗಿಸುವುದು ನಿಜ. ಆದರೆ ಬಸ್ಸಾರು, ಸೊಪ್ಪಿನ ಪಲ್ಯ ಬಿಡಬೇಕಿಲ್ಲ. ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರೆ ಅದಕ್ಕೆ ತಕ್ಕಂತೆ ಮಾತ್ರೆಯನ್ನು ಹೊಂದಿಸಬಹುದು. ಅಪಾಯ ಬೇರೆ ಕಡೆಯಿದೆ: ಮೈಕೈ ನೋವಿಗೆ ತಾವೇ ತಂದು ನುಂಗುವ ಡೈಕ್ಲೋಫಿನ್ಯಾಕ್‌ನಂಥ ಮಾತ್ರೆ, ಭೇದಿಗೆಂದು ಪಡೆಯುವ ಮೆಟ್ರೋನಿಡಜೋಲ್, ಒಳಗೇನಿದೆಯೆಂದು ತಿಳಿಯದ ಕಷಾಯ, ಪುಡಿಗಳು, ಸ್ನಾಯುವಿಗೆ ಚುಚ್ಚಿಸಿಕೊಳ್ಳುವ ಇಂಜೆಕ್ಷನ್.

ಈಗ ಹೆಚ್ಚಿನವರಿಗೆ ಮೊದಲ ಆಯ್ಕೆ ರಿವರಾಕ್ಸಬಾನ್, ಅಪಿಕ್ಸಬಾನ್‌ನಂಥ ಹೊಸ ಮಾತ್ರೆಗಳು. ಭಾರತೀಯ ಕಂಪನಿಗಳು ತಯಾರಿಸತೊಡಗಿದ ಮೇಲೆ ಇವು ಸಾಮಾನ್ಯರ ಕೈಗೂ ಎಟುಕುತ್ತಿವೆ. ಪದೇ ಪದೇ ಐಎನ್‌ಆರ್ ಬೇಡ, ಸೊಪ್ಪಿನ ಚಿಂತೆಯಿಲ್ಲ. ಆದರೆ ಒಂದು ಎಚ್ಚರ ಅಗತ್ಯ. ಆರಂಭದ ಪ್ರಮಾಣ ಹೆಚ್ಚಿರುತ್ತದೆ: ಸಾಮಾನ್ಯವಾಗಿ ರಿವರಾಕ್ಸಬಾನ್ 21 ದಿನ, ಅಪಿಕ್ಸಬಾನ್ 7 ದಿನ. ನಂತರ ಪ್ರಮಾಣ ಇಳಿಯುತ್ತದೆ. ಆ ತಿರುವಿನ ದಿನ ಗೊಂದಲವಾಗಿ ಮಾತ್ರೆಯನ್ನೇ ನಿಲ್ಲಿಸುವವರೂ, ಹಳೆಯ ಪ್ರಮಾಣವನ್ನೇ ಮುಂದುವರಿಸುವವರೂ ಉಂಟು. ಚೀಟಿಯ ಮೇಲೆ ತಾರೀಖು ಬರೆಸಿಕೊಳ್ಳುವುದು ಕ್ಷೇಮ. ರಿವರಾಕ್ಸಬಾನನ್ನು ಊಟದ ಜೊತೆಗೇ ಸೇವಿಸಬೇಕು. ಗರ್ಭಿಣಿಯರಿಗೆ ಈ ಹೊಸ ಮಾತ್ರೆಗಳೂ ಸಲ್ಲವು, ವಾರ್ಫರಿನ್ನೂ ಸಲ್ಲದು. ಅವರಿಗೆ ಹೆಪಾರಿನ್ ವರ್ಗದ ಚುಚ್ಚುಮದ್ದು. ಎದೆಹಾಲುಣಿಸುವವರು ವಾರ್ಫರಿನ್ ತೆಗೆದುಕೊಳ್ಳಬಹುದು.

ಹಾಸಿಗೆಯಲ್ಲೇ ಅಲುಗಾಡದೆ ಮಲಗಿರಬೇಕೆಂಬುದು ಹಳೆಯ ನಂಬಿಕೆ. ಔಷಧ ಆರಂಭವಾದ ಮೇಲೆ ನೋವು ಸಹಿಸುವಷ್ಟು ನಡೆದಾಡುವುದು ಒಳ್ಳೆಯದು. ಬಿಗಿ ಕಾಲುಚೀಲ ಮುಂದಿನ ತೊಂದರೆಗಳನ್ನು ತಡೆಯುತ್ತದೆಂಬ ನಂಬಿಕೆಯನ್ನು 2014ರಲ್ಲಿ ಪ್ರಕಟವಾದ, 800ಕ್ಕೂ ಹೆಚ್ಚು ರೋಗಿಗಳ ಅಧ್ಯಯನವೊಂದು ಸಡಿಲಿಸಿತು. ಊತ, ನೋವು ತಗ್ಗಿಸಲು ಧರಿಸಿದರೆ ಅಡ್ಡಿಯಿಲ್ಲ. ಹೆಪ್ಪನ್ನು ಕರಗಿಸುವ ಪ್ರಬಲ ಔಷಧ, ಕೊಳವೆಯಿಟ್ಟು ಹೀರುವ ವಿಧಾನಗಳು ಕಾಲು ಅಥವಾ ಪ್ರಾಣವೇ ಅಪಾಯದಲ್ಲಿರುವ ಕೆಲವರಿಗೆ ಮಾತ್ರ. ಹೊಟ್ಟೆಯ ಮಹಾಭಿಧಮನಿಯಲ್ಲಿ ಜಾಲರಿ ಕೂರಿಸುವುದು, ರಕ್ತಸ್ರಾವದ ಕಾರಣ ಔಷಧ ಕೊಡಲು ಸಾಧ್ಯವೇ ಇಲ್ಲದವರಿಗೆ.

ಎಷ್ಟು ಕಾಲ?

ಕನಿಷ್ಠ ಮೂರು ತಿಂಗಳು. ಊತ ಹತ್ತೇ ದಿನದಲ್ಲಿ ಇಳಿದರೂ ಇದರಲ್ಲಿ ರಿಯಾಯಿತಿಯಿಲ್ಲ. ಶಸ್ತ್ರಚಿಕಿತ್ಸೆ, ಪ್ಲಾಸ್ಟರ್‌ನಂಥ ಬಂದುಹೋಗುವ ಕಾರಣದಿಂದ ಹೆಪ್ಪುಗಟ್ಟಿದ್ದರೆ ಸಾಮಾನ್ಯವಾಗಿ ಮೂರು ತಿಂಗಳಿಗೆ ಚಿಕಿತ್ಸೆ ಮುಗಿಯುತ್ತದೆ. ಹೆರಿಗೆಯ ಹೊತ್ತಿನಲ್ಲಾದರೆ ಒಟ್ಟು ಮೂರು ತಿಂಗಳ ಜೊತೆಗೆ ಹೆರಿಗೆಯ ನಂತರದ ಆರು ವಾರಗಳೂ ತುಂಬಬೇಕು. ಕ್ಯಾನ್ಸರ್ ಇದ್ದವರಿಗೆ ಆ ರೋಗ ಸಕ್ರಿಯವಾಗಿರುವ ತನಕ.

ಕಠಿಣ ಪ್ರಶ್ನೆ, ಯಾವ ಕಾರಣವೂ ಸಿಗದವರದ್ದು. ಇಂಥವರು ಔಷಧ ನಿಲ್ಲಿಸಿದ ಮೇಲೆ ಮೊದಲ ವರ್ಷದಲ್ಲೇ ಸುಮಾರು ಶೇ 10ರಷ್ಟು ಮಂದಿಗೆ, ಐದು ವರ್ಷಗಳಲ್ಲಿ ಸುಮಾರು ಶೇ 25ರಷ್ಟು ಮಂದಿಗೆ, ಹತ್ತು ವರ್ಷಗಳಲ್ಲಿ ಶೇ 36ರಷ್ಟು ಮಂದಿಗೆ ಹೆಪ್ಪು ಮರುಕಳಿಸುತ್ತದೆಂದು 2019ರಲ್ಲಿ ಪ್ರಕಟವಾದ ವಿಶ್ಲೇಷಣೆ ತಿಳಿಸುತ್ತದೆ. ಪುರುಷರಲ್ಲಿ ಇದು ತುಸು ಹೆಚ್ಚು. ಆದ್ದರಿಂದ ರಕ್ತಸ್ರಾವದ ಅಪಾಯ ಕಡಿಮೆಯಿರುವವರಿಗೆ ಔಷಧವನ್ನು ಅನಿರ್ದಿಷ್ಟ ಕಾಲ ಮುಂದುವರಿಸುವಂತೆ ಸಲಹೆ ನೀಡಲಾಗುತ್ತದೆ. ಹೊಸ ಮಾತ್ರೆಗಳನ್ನು ಆರು ತಿಂಗಳ ನಂತರ ಅರ್ಧ ಪ್ರಮಾಣಕ್ಕೆ ಇಳಿಸುವ ಅವಕಾಶವೂ ಇದೆ. ವರ್ಷಕ್ಕೊಮ್ಮೆಯಾದರೂ ಮೂತ್ರಪಿಂಡ ಮತ್ತು ಹಿಮೋಗ್ಲೋಬಿನ್ ಪರೀಕ್ಷಿಸಿ ನಿರ್ಧಾರವನ್ನು ಪುನರ್ವಿಮರ್ಶಿಸಬೇಕು.

ದಾಖಲಾದ ದಿನವೇ ಪ್ರೋಟೀನ್ ಸಿ, ಪ್ರೋಟೀನ್ ಎಸ್ ಮುಂತಾದ ದುಬಾರಿ ಪರೀಕ್ಷೆಗಳ ಸರಣಿಗೆ ಬರೆದುಕೊಡುವುದುಂಟು. ಹೊಸ ಹೆಪ್ಪು ಮತ್ತು ವಾರ್ಫರಿನ್ ಎರಡೂ ಈ ಅಂಶಗಳನ್ನು ತಗ್ಗಿಸುವುದರಿಂದ ಆಗ ಬರುವ ಉತ್ತರ ದಾರಿ ತಪ್ಪಿಸುತ್ತದೆ. ಅನೇಕರಿಗೆ ಆ ಪರೀಕ್ಷೆಗಳು ಚಿಕಿತ್ಸೆಯನ್ನು ಬದಲಿಸುವುದೂ ಇಲ್ಲ. ಪದೇ ಪದೇ ಗರ್ಭಪಾತವಾದ, ಅಥವಾ ಚಿಕ್ಕ ವಯಸ್ಸಿನಲ್ಲಿ ಅಪಧಮನಿಯಲ್ಲೂ ಹೆಪ್ಪುಗಟ್ಟಿದವರಲ್ಲಿ ಆಂಟಿಫಾಸ್ಫೋಲಿಪಿಡ್ ದೋಷವನ್ನು ಹುಡುಕುವುದು ಮಾತ್ರ ಮುಖ್ಯ. ಅದು ತೀವ್ರವಾಗಿರುವವರಿಗೆ ಹೊಸ ಮಾತ್ರೆಗಳಿಗಿಂತ ವಾರ್ಫರಿನ್ನೇ ಸುರಕ್ಷಿತ.

ಹೆಪ್ಪು ಕರಗಿದರೂ ಕವಾಟಗಳು ಹಾಳಾಗಿ, ಸಂಜೆ ಹೊತ್ತಿಗೆ ಕಾಲು ಭಾರವಾಗುವುದು, ಕಣಕಾಲಿನ ಸುತ್ತ ಚರ್ಮ ಕಪ್ಪಾಗುವುದು, ಕೆಲವರಲ್ಲಿ ಮಾಯದ ಹುಣ್ಣಾಗುವುದು ಮೂರರಿಂದ ಐವರಲ್ಲಿ ಒಬ್ಬರಿಗಾದರೂ ಉಳಿಯುವ ತೊಂದರೆ. ಒಮ್ಮೆ ಡಿವಿಟಿ ಆದವರು ಮುಂದೆ ಹಲ್ಲು ಕೀಳಿಸುವಾಗಲೂ, ಶಸ್ತ್ರಚಿಕಿತ್ಸೆಗೆ ಒಳಗಾಗುವಾಗಲೂ, ಗರ್ಭ ಧರಿಸಿದಾಗಲೂ ವೈದ್ಯರಿಗೆ ಅದನ್ನು ಮೊದಲೇ ತಿಳಿಸಬೇಕು. ಡಾಪ್ಲರ್ ವರದಿ ಮತ್ತು ಬಿಡುಗಡೆಯ ಚೀಟಿಯ ಒಂದು ಪ್ರತಿಯನ್ನು ಜೋಪಾನವಾಗಿಟ್ಟರೆ, ಮುಂದೆಂದಾದರೂ ಅದೇ ಕಾಲು ಊದಿದಾಗ ಹಳೆಯ ಹೆಪ್ಪು ಯಾವುದು, ಹೊಸದು ಯಾವುದು ಎಂದು ಬೇರ್ಪಡಿಸಲು ಸ್ಕ್ಯಾನ್ ತಜ್ಞರಿಗೆ ನೆರವಾಗುತ್ತದೆ.